ಯಾಕೋಬನ ಮನೆ: ನೆಟ್ಟಗಾಗದ ಕುಟುಂಬದೊಳಗೆ ಕೃಪೆ ನಡೆದ ದಾರಿ

ಪ್ರಕರಣ

ಒಬ್ಬ ತಂದೆ, ನಾಲ್ವರು ತಾಯಂದಿರು, ಹನ್ನೆರಡು ಗಂಡುಮಕ್ಕಳು, ಹೆಸರು ಉಳಿದಿರುವ ಒಬ್ಬ ಮಗಳು. ಆ ನಾಲ್ವರಲ್ಲಿ ಇಬ್ಬರು ಒಡಹುಟ್ಟಿದವರು, ಇನ್ನಿಬ್ಬರು ಅವರ ದಾಸಿಯರು. ಹದಿನೇಳರ ಪ್ರಾಯದ ಒಬ್ಬ ಮಗನನ್ನು ಅವನ ಅಣ್ಣಂದಿರೇ 20 ಬೆಳ್ಳಿ ನಾಣ್ಯಗಳಿಗೆ ಮಾರಿಬಿಟ್ಟು, ಕಾಡುಮೃಗ ತಿಂದಿತೆಂದು ತಂದೆಯನ್ನು ನಂಬಿಸಿದರು. ಆ ಸುಳ್ಳು ಮನೆಯೊಳಗೆ 22 ವರ್ಷ ಬಾಳಿತು. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 25ನೆಯ ಅಧ್ಯಾಯದಿಂದ 50ನೆಯ ಅಧ್ಯಾಯದವರೆಗೆ ಹರಡಿಕೊಂಡಿರುವ ಯಾಕೋಬನ ಕುಟುಂಬದ ದಾಖಲೆ ಇದು.

ಈ ಪ್ರಕರಣವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಮನೆಯಲ್ಲಿ ಜಗಳ, ಪಕ್ಷಪಾತ, ಮುರಿದ ಮಾತುಕತೆ ಇರುವ ವಿಶ್ವಾಸಿಗಳನ್ನು ಬಹಳವಾಗಿ ಕಾಡುವ ಯೋಚನೆ ಒಂದಿದೆ: ಮೊದಲು ನಾವು ಸರಿಹೋಗಬೇಕು, ಆಮೇಲೆ ದೇವರು ಈ ಮನೆಯೊಳಗೆ ಕಾಲಿಡುತ್ತಾನೆ. ಯಾಕೋಬನ ಮನೆಯ ದಾಖಲೆ ಇದಕ್ಕೆ ತದ್ವಿರುದ್ಧವಾದದ್ದನ್ನು ತೋರಿಸುತ್ತದೆ. ಆ ಮನೆ ಪೂರ್ತಿಯಾಗಿ ಸರಿಹೋಗಲೇ ಇಲ್ಲ. ತಂದೆಯ ಪಕ್ಷಪಾತ ಅವನು ಸಾಯುವವರೆಗೂ ಹೋಗಲಿಲ್ಲ. ಆದರೂ ಕೃಪೆ ಅಲ್ಲಿ ಕೆಲಸ ಮಾಡಿತು, ಅದೂ ಯಾರೂ ನೋಡದೆ ಇದ್ದ ಮೂಲೆಯಲ್ಲಿ. ಆ ಮೂಲೆ ಮಾರಲ್ಪಟ್ಟ ಮಗ ಯೋಸೇಫನಲ್ಲ, ಅವನನ್ನು ಮಾರಿದ ಅಣ್ಣಂದಿರಲ್ಲಿ ಒಬ್ಬನಾದ ಯೆಹೂದ. ಇದನ್ನು ಹಂತಹಂತವಾಗಿ ನೋಡೋಣ.

ಬೇರು ಎಲ್ಲಿತ್ತು

ತೊಂದರೆ ಯಾಕೋಬನಿಂದ ಶುರುವಾದದ್ದಲ್ಲ. ಅವನ ತಂದೆ ಇಸಾಕನಿಗೆ ಮದುವೆಯಾದಾಗ 40 ವರ್ಷ, ಅವಳಿ ಮಕ್ಕಳು ಹುಟ್ಟಿದಾಗ 60. ಇಪ್ಪತ್ತು ವರ್ಷ ಪ್ರಾರ್ಥಿಸಿ ಕಾದು ಪಡೆದ ಮಕ್ಕಳು. ಆ ಮಕ್ಕಳನ್ನು ತಂದೆತಾಯಿ ಹಂಚಿಕೊಂಡುಬಿಟ್ಟರು: ಬೇಟೆಯ ಮಾಂಸ ತಂದುಕೊಡುವ ಏಸಾವ ಇಸಾಕನ ಪಾಲಿಗೆ, ಡೇರೆಯಲ್ಲೇ ಇರುವ ಯಾಕೋಬ ರೆಬೆಕ್ಕಳ ಪಾಲಿಗೆ. ಪ್ರಾರ್ಥನೆಯಿಂದ ಬಂದ ಮಕ್ಕಳಿರುವ ಮನೆಯಲ್ಲೂ ಪಕ್ಷಪಾತ ಬೇರೂರಬಲ್ಲದು. ದೈವಭಕ್ತಿ ಇದ್ದಲ್ಲಿ ಇಂಥದ್ದು ಇರುವುದಿಲ್ಲ ಎಂದುಕೊಳ್ಳುವವರು ಈ ಸಾಲನ್ನು ನಿಧಾನವಾಗಿ ಓದಬೇಕು.

ಮುಂದೆ ನಡೆದದ್ದು ಎಲ್ಲರಿಗೂ ಗೊತ್ತು. ಕಣ್ಣು ಮಂಜಾದ ತಂದೆಯ ಮುಂದೆ ಅಣ್ಣನ ಬಟ್ಟೆ ತೊಟ್ಟು, ಕೈಗೂ ಕೊರಳಿಗೂ ಆಡುಮರಿಯ ತೊಗಲು ಸುತ್ತಿಕೊಂಡು ಯಾಕೋಬ ಆಶೀರ್ವಾದ ಕದ್ದ. ಯೋಜನೆ ತಾಯಿಯದು. ಏಸಾವ ಕೊಲ್ಲಲು ಹೊಂಚುಹಾಕಿದಾಗ ಅವಳು ಮಗನನ್ನು ತನ್ನ ಅಣ್ಣ ಲಾಬಾನನಲ್ಲಿಗೆ ಕಳುಹಿಸಿದಳು. ಸ್ವಲ್ಪ ದಿನ ಇರು, ಆಮೇಲೆ ಕರೆಸಿಕೊಳ್ಳುತ್ತೇನೆ ಎಂದಳು. ಆ ಸ್ವಲ್ಪ ದಿನ 20 ವರ್ಷವಾಯಿತು. ತಾಯಿ ಮಗನನ್ನು ಮತ್ತೆ ನೋಡಿದಳೆಂದು ದಾಖಲೆ ಎಲ್ಲೂ ಹೇಳುವುದಿಲ್ಲ.

ಕೃಪೆಯ ಮೊದಲ ಗುರುತು ಈ ಓಟದ ದಾರಿಯಲ್ಲೇ ಸಿಗುತ್ತದೆ. ಬೇತೇಲಿನಲ್ಲಿ ತಲೆಗೆ ಕಲ್ಲು ಇಟ್ಟುಕೊಂಡು ಮಲಗಿದ್ದ ಮೋಸಗಾರನಿಗೆ ದೇವರು ಕನಸಿನಲ್ಲಿ ಕೊಟ್ಟದ್ದು ಬೈಗುಳವಲ್ಲ, ಮಾತು: ನಿನ್ನ ಸಂಗಡ ಇರುತ್ತೇನೆ, ಹೋದಲ್ಲೆಲ್ಲಾ ಕಾಪಾಡುತ್ತೇನೆ, ಈ ನೆಲಕ್ಕೆ ಮರಳಿ ಕರೆತರುತ್ತೇನೆ. ಯಾಕೋಬ ಆಗಿನ್ನೂ ಪಶ್ಚಾತ್ತಾಪಪಟ್ಟಿರಲಿಲ್ಲ. ಮಾಡಿದ್ದಕ್ಕೆ ಬೆಲೆ ತೆರುವುದರಿಂದ ಅವನಿಗೆ ವಿನಾಯಿತಿಯೂ ಸಿಗಲಿಲ್ಲ. ಮುಂದಿನ 20 ವರ್ಷ ಲಾಬಾನನ ಕೈಯಲ್ಲಿ ಅವನು ಕಂಡದ್ದು ತನ್ನದೇ ಬಗೆಯ ಮೋಸ. ಲಾಬಾನನ ಕಿರಿಯ ಮಗಳು ರಾಹೇಲಳಿಗಾಗಿ ಏಳು ವರ್ಷ ದುಡಿದವನಿಗೆ, ಮದುವೆಯ ಮರುದಿನ ಬೆಳಗಾದಾಗ ಪಕ್ಕದಲ್ಲಿದ್ದವಳು ಅವಳ ಅಕ್ಕ ಲೇಯಾ; ರಾಹೇಲಳನ್ನು ಅವನು ಆಮೇಲೆ ಮದುವೆಯಾದ. ಹಿರಿಯವಳಿಗಿಂತ ಮೊದಲು ಕಿರಿಯವಳನ್ನು ಕೊಡುವ ಪದ್ಧತಿ ನಮ್ಮಲ್ಲಿಲ್ಲ ಎಂದು ಮಾವ ಹೇಳಿದಾಗ, ಹಿರಿಯನ ಹಕ್ಕನ್ನು ಕಿತ್ತುಕೊಂಡು ಬಂದವನಿಗೆ ಅದು ತಟ್ಟದೆ ಇರಲಾರದು. ಕ್ಷಮೆ ಮತ್ತು ಪರಿಣಾಮ ಎರಡೂ ಒಟ್ಟಿಗೆ ನಡೆಯುತ್ತವೆ. ಪರಿಣಾಮ ಅನುಭವಿಸುತ್ತಿರುವವರು ದೇವರು ನನ್ನನ್ನು ಕೈಬಿಟ್ಟ ಎಂದುಕೊಳ್ಳುವುದು ತೀರಾ ಸಾಮಾನ್ಯವಾದ ತಪ್ಪು ಓದು.

ಲೇಯಾಳ ನಾಲ್ಕು ಹೆರಿಗೆಗಳು

ಗಂಡನಿಗೆ ಬೇಡವಾದ ಹೆಂಡತಿ ಲೇಯಾ. ದೇವರು ಅವಳನ್ನು ನೋಡಿದ, ಮಕ್ಕಳನ್ನು ಕೊಟ್ಟ ಎಂದು ದಾಖಲೆ ನೇರವಾಗಿ ಹೇಳುತ್ತದೆ. ಪ್ರತಿ ಹೆರಿಗೆಯಲ್ಲೂ ಅವಳು ಏನಂದಳು ಎಂಬುದನ್ನು ಸಾಲಾಗಿ ಇಟ್ಟು ನೋಡಬೇಕು. ರೂಬೇನ ಹುಟ್ಟಿದಾಗ: ಇನ್ನು ಗಂಡ ನನ್ನನ್ನು ಪ್ರೀತಿಸುವನು. ಸಿಮೆಯೋನ ಹುಟ್ಟಿದಾಗ: ನಾನು ಬೇಡವಾದವಳೆಂದು ಕರ್ತನಿಗೆ ಕೇಳಿಸಿತು. ಲೇವಿ ಹುಟ್ಟಿದಾಗ: ಮೂರು ಮಕ್ಕಳನ್ನು ಹೆತ್ತೆ, ಈಗಲಾದರೂ ಗಂಡ ನನಗೆ ಅಂಟಿಕೊಳ್ಳುವನು. ನಾಲ್ಕನೆಯವನು ಯೆಹೂದ. ಆಗ ಅವಳು ಗಂಡನ ಸುದ್ದಿಯನ್ನೇ ಎತ್ತಲಿಲ್ಲ. ಈ ಸಾರಿ ಕರ್ತನನ್ನು ಕೊಂಡಾಡುತ್ತೇನೆ ಎಂದಳು.

ಗಂಡ ಬದಲಾಗಿರಲಿಲ್ಲ. ಬದಲಾದದ್ದು ಅವಳು ಆಸರೆ ಹುಡುಕುತ್ತಿದ್ದ ದಿಕ್ಕು. ಆ ಬಿಡುಗಡೆಯೂ ಒಂದೇ ಸಲಕ್ಕೆ ಪಕ್ಕಾ ಆಗಲಿಲ್ಲ. ಆರನೆಯ ಮಗ ಜೆಬುಲೂನ ಹುಟ್ಟಿದಾಗ ಗಂಡನ ಆಸೆ ಅವಳ ಮಾತಿನಲ್ಲಿ ಮತ್ತೆ ಇಣುಕುತ್ತದೆ. ಪ್ರೀತಿ ಸಿಗದ ದಾಂಪತ್ಯದಲ್ಲಿ ಇರುವವರಿಗೆ ಇದು ಬೇಕಾದ ಮಾತು: ಒಮ್ಮೆ ದೇವರಲ್ಲಿ ತೃಪ್ತಿ ಕಂಡ ಮನಸ್ಸು ಮರುವರ್ಷ ಮತ್ತೆ ಹಂಬಲಿಸಿದರೆ ಮೊದಲಿನದು ಸುಳ್ಳಾಗಿತ್ತು ಎಂದಲ್ಲ.

ಪಕ್ಷಪಾತ ಕಣ್ಣಿಗೆ ಕಂಡ ದಿನ

ಊರಿಗೆ ಮರಳುವಾಗ ಏಸಾವ 400 ಜನರೊಂದಿಗೆ ಎದುರು ಬರುತ್ತಿದ್ದಾನೆಂದು ಯಾಕೋಬನಿಗೆ ಸುದ್ದಿ ಬಂತು. ಮರಿಗಳನ್ನು ಬಿಟ್ಟು 550 ಆಡು, ಕುರಿ, ಒಂಟೆ, ದನ, ಕತ್ತೆಗಳನ್ನು ಕಾಣಿಕೆಯಾಗಿ ಮುಂದೆ ಕಳುಹಿಸಿದ. ಆಮೇಲೆ ಮನೆಯವರನ್ನು ಸಾಲಾಗಿ ನಿಲ್ಲಿಸಿದ: ಮುಂದೆ ದಾಸಿಯರೂ ಅವರ ಮಕ್ಕಳೂ, ಅವರ ಹಿಂದೆ ಲೇಯಾಳೂ ಅವಳ ಮಕ್ಕಳೂ, ಎಲ್ಲರಿಗಿಂತ ಹಿಂದೆ ರಾಹೇಲಳೂ ಯೋಸೇಫನೂ. ತಾನು ಎಲ್ಲರಿಗಿಂತ ಮುಂದೆ ನಡೆದದ್ದು ನಿಜ. ಆದರೆ ಕತ್ತಿ ಬೀಸಿದರೆ ಯಾವ ಮಗು ಮೊದಲು ಸಾಯಬೇಕು, ಯಾವುದು ಉಳಿಯಬೇಕು ಎಂಬುದು ಆ ಸಾಲಿನಲ್ಲಿ ಎಲ್ಲ ಮಕ್ಕಳಿಗೂ ಕಾಣುವಂತೆ ಬರೆದಿತ್ತು. ಮುಂದಿನ ಸಾಲಿನಲ್ಲಿ ನಿಂತ ದಾನ್, ನಫ್ತಾಲಿ, ಗಾದ್, ಆಶೇರರು ಅದನ್ನು ಮರೆತಿರಲಿಕ್ಕಿಲ್ಲ. ಯೋಸೇಫನ ನಿಲುವಂಗಿ ಹೊಲಿಯುವ ಎಷ್ಟೋ ವರ್ಷ ಮೊದಲೇ ದ್ವೇಷದ ಬಟ್ಟೆ ನೇಯ್ದಾಗಿತ್ತು.

ಏಸಾವ ಓಡಿಬಂದು ತಮ್ಮನನ್ನು ಅಪ್ಪಿಕೊಂಡು ಅತ್ತ. ಯಾಕೋಬ ಆ ದಿನ ಅಣ್ಣನಿಂದ ಪಡೆದದ್ದು ಕೃಪೆಯೇ. ದೇವರ ಮುಖವನ್ನೇ ಕಂಡಂತಾಯಿತು ಎಂದು ಅವನೇ ಹೇಳಿದ. ಆದರೆ ತಾನು ಪಡೆದದ್ದು ತನ್ನ ಮಕ್ಕಳ ನಡುವೆ ಇಳಿಯಲಿಲ್ಲ. ಕ್ಷಮೆ ಸಿಕ್ಕಿದೆ ಎಂದ ಮಾತ್ರಕ್ಕೆ ಹಳೆಯ ಅಭ್ಯಾಸ ಉದುರಿಹೋಗುವುದಿಲ್ಲ. ಅದನ್ನು ಹೆಸರಿಟ್ಟು ಎತ್ತಿಕೊಳ್ಳದಿದ್ದರೆ ಹಾಗೇ ಉಳಿಯುತ್ತದೆ.

ಇದರ ಬೆನ್ನಿಗೇ ಇನ್ನೂ ಎರಡು ಗಾಯಗಳು. ಶೆಕೆಮಿನಲ್ಲಿ ಮಗಳು ದೀನಾಳ ಮೇಲೆ ಅತ್ಯಾಚಾರವಾದಾಗ ತಂದೆ ಸುಮ್ಮನಿದ್ದ; ಸಿಮೆಯೋನ, ಲೇವಿಯರು ಊರಿನ ಗಂಡಸರನ್ನೆಲ್ಲಾ ಕೊಂದರು. ರಾಹೇಲಳು ಬೆನ್ಯಾಮೀನನನ್ನು ಹೆತ್ತು ದಾರಿಯಲ್ಲೇ ತೀರಿಕೊಂಡ ಮೇಲೆ ರೂಬೇನ ಅವಳ ದಾಸಿಯೂ ತಂದೆಯ ಉಪಪತ್ನಿಯೂ ಆಗಿದ್ದ ಬಿಲ್ಹಾಳನ್ನು ಕೂಡಿದ. ತಂದೆಗೆ ಸುದ್ದಿ ತಿಳಿಯಿತು ಎಂದಷ್ಟೇ ಬರೆದಿದೆ. ಅವನು ಆಗ ಏನೂ ಹೇಳಲಿಲ್ಲ. ಈ ಮನೆಯ ಎರಡನೆಯ ರೋಗ ಮೌನ. ದೀನಾಳ ನೋವಿನ ಬಗ್ಗೆ ಅವಳ ಬಾಯಿಂದ ಒಂದು ಮಾತೂ ದಾಖಲಾಗಿಲ್ಲ. ಅವಳಿಗೆ ಸಿಗಬೇಕಾದ ನ್ಯಾಯ ಆ ಮನೆಯಲ್ಲಿ ಸಿಗಲಿಲ್ಲ ಎಂಬುದನ್ನು ಮುಚ್ಚಿಟ್ಟು ಈ ಪ್ರಕರಣವನ್ನು ಓದಬಾರದು.

ದೋತಾನಿನ ಗುಂಡಿ

ಯೋಸೇಫನಿಗೆ 17. ಅಣ್ಣಂದಿರ ಕೆಟ್ಟ ಸುದ್ದಿಯನ್ನು ತಂದೆಗೆ ಮುಟ್ಟಿಸುತ್ತಿದ್ದ. ತಂದೆ ಅವನಿಗೊಬ್ಬನಿಗೇ ವಿಶೇಷ ನಿಲುವಂಗಿ ಮಾಡಿಸಿದ್ದ. ಅಣ್ಣಂದಿರಿಗೆ ಅವನೊಡನೆ ಸಮಾಧಾನದಿಂದ ಒಂದು ಮಾತನ್ನೂ ಆಡಲಾಗುತ್ತಿರಲಿಲ್ಲ. ಹಾಗಿದ್ದೂ ಯಾಕೋಬ ಅವನನ್ನು ಹೆಬ್ರೋನಿನಿಂದ ಶೆಕೆಮಿಗೆ, ಅಣ್ಣಂದಿರ ಯೋಗಕ್ಷೇಮ ನೋಡಿ ಬಾ ಎಂದು ಒಬ್ಬನನ್ನೇ, ಅದೇ ಅಂಗಿಯಲ್ಲಿ ಕಳುಹಿಸಿದ. ಪಕ್ಷಪಾತ ಮಾಡುವ ತಂದೆತಾಯಿಗೆ ಅದರ ಬಿಸಿ ಕಾಣುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ದೋತಾನಿನಲ್ಲಿ ಅವನ ಅಂಗಿ ಕಿತ್ತುಕೊಂಡು ನೀರಿಲ್ಲದ ಗುಂಡಿಗೆ ಹಾಕಿ, ಅಣ್ಣಂದಿರು ಊಟಕ್ಕೆ ಕುಳಿತರು. ಸುಮ್ಮನೆ ಕೊಂದರೆ ಏನು ಲಾಭ, ಮಾರಿಬಿಡೋಣ ಎಂದು ಲೆಕ್ಕ ಹೇಳಿದವನು ಯೆಹೂದ. ಆಡಿನ ರಕ್ತದಲ್ಲಿ ಅದ್ದಿದ ಅಂಗಿಯನ್ನು ತಂದೆಗೆ ಕಳುಹಿಸಿ, ಇದು ನಿನ್ನ ಮಗನದೋ ನೋಡು ಎಂದರು. ಆಡಿನ ತೊಗಲು, ಅಣ್ಣನ ಬಟ್ಟೆ ಇಟ್ಟುಕೊಂಡು ತಂದೆಯನ್ನು ವಂಚಿಸಿದವನು ಈಗ ಆಡಿನ ರಕ್ತ, ಮಗನ ಬಟ್ಟೆಯಿಂದ ವಂಚಿತನಾದ.

ಮುಂದಿನ 22 ವರ್ಷ ಯಾಕೋಬನಿಗೆ ದೇವರಿಂದ ಒಂದು ಮಾತೂ ಬಂದಂತೆ ದಾಖಲಾಗಿಲ್ಲ. ಬೇತೇಲಿನಲ್ಲಿ ಮಾತಾಡಿದ ದೇವರು ಯೋಸೇಫ ಬದುಕಿದ್ದಾನೆ ಎಂಬ ಒಂದು ಮಾತನ್ನು ಹೇಳಬಹುದಿತ್ತು. ಹೇಳಲಿಲ್ಲ. ಯಾಕೋಬ ಪ್ರತಿ ದಿನ ತಪ್ಪು ಮಾಹಿತಿಯ ಮೇಲೆ ಅಳುತ್ತಿದ್ದ, ಅದೇ ಹೊತ್ತಿಗೆ, ದಾಸನಾಗಿ ಮಾರಲ್ಪಟ್ಟು ಸೇರಿದ್ದ ಐಗುಪ್ತದ (ಈಜಿಪ್ಟಿನ) ಸೆರೆಮನೆಯಲ್ಲಿ ದೇವರು ಅವನ ಮಗನ ಸಂಗಡ ಇದ್ದ. ತಿಳಿಯದಿರುವುದೂ ಕೈಬಿಟ್ಟಿರುವುದೂ ಬೇರೆಬೇರೆ. ಮನೆಬಿಟ್ಟು ಹೋದ ಮಗನೋ ಮಗಳೋ ಇರುವ ತಂದೆತಾಯಿಗೆ ನಾವು ಹೇಳಬಹುದಾದ ಪ್ರಾಮಾಣಿಕ ಮಾತು ಇಷ್ಟೇ: ಏನಾಗುತ್ತಿದೆ ಎಂದು ನಿಮಗೆ ಗೊತ್ತಿಲ್ಲ, ದೇವರಿಗೆ ಗೊತ್ತಿದೆ. ಅವರು ಬಂದೇ ಬರುತ್ತಾರೆ ಎಂದು ದಿನಾಂಕ ಕೊಡುವ ಅಧಿಕಾರ ಯಾರಿಗೂ ಇಲ್ಲ.

ಯಾರೂ ಗಮನಿಸದ ತಿರುವು

ಯೋಸೇಫನ ಕಥೆಯ ನಡುವೆ 38ನೆಯ ಅಧ್ಯಾಯ ಥಟ್ಟನೆ ಯೆಹೂದನ ಕಡೆ ಹೊರಳುತ್ತದೆ. ಭಾನುವಾರದ ಪ್ರಸಂಗಗಳಲ್ಲಿ ಇದನ್ನು ದಾಟಿಹೋಗುವುದೇ ಹೆಚ್ಚು. ಆದರೆ ಈ ಪ್ರಕರಣದ ಕೀಲು ಇಲ್ಲಿದೆ.

ಯೆಹೂದ ಅಣ್ಣತಮ್ಮಂದಿರನ್ನು ಬಿಟ್ಟು ಬೇರೆ ಹೋದ. ಅವನ ಇಬ್ಬರು ಗಂಡುಮಕ್ಕಳು ಏರ, ಓನಾನ ಒಬ್ಬರಾದ ಮೇಲೆ ಒಬ್ಬರು ಸತ್ತರು. ಮೂರನೆಯವನು ಶೇಲಹ. ಮಕ್ಕಳಿಲ್ಲದೆ ಸತ್ತ ಅಣ್ಣನ ಹೆಂಡತಿಯನ್ನು ತಮ್ಮನಿಗೆ ಕೊಡುವುದು ಆಗಿನ ಪದ್ಧತಿ; ಇವನೂ ಸತ್ತಾನೆಂದು ಹೆದರಿ, ಆ ಇಬ್ಬರ ವಿಧವೆಯಾದ ಸೊಸೆ ತಾಮಾರಳಿಗೆ ಕೊಡಬೇಕಾದ ಅವನನ್ನು ತನ್ನ ಬಳಿಯೇ ಇಟ್ಟುಕೊಂಡ. ತಂದೆಗೆ ಮಗನ ಸಾವಿನ ಸುಳ್ಳು ಹೇಳಿದವನಿಗೆ ಮಗನ ಸಾವೆಂದರೆ ಏನೆಂದು ಎರಡು ಸಲ ತಿಳಿಯಿತು. ನ್ಯಾಯ ಸಿಗದ ತಾಮಾರಳು ಮುಸುಕು ಹಾಕಿಕೊಂಡು ದಾರಿಯಲ್ಲಿ ಕುಳಿತು, ಅವನಿಂದಲೇ ಬಸುರಾದಳು. ಅವಳನ್ನು ಸುಡಿಸಲು ಯೆಹೂದ ಅಪ್ಪಣೆ ಕೊಟ್ಟಾಗ, ಅವನೇ ಒತ್ತೆ ಇಟ್ಟಿದ್ದ ಮುದ್ರೆ, ದಾರ, ಕೋಲನ್ನು ಕಳುಹಿಸಿ, ಇವು ಯಾರವೆಂದು ನೋಡು ಎಂದಳು. ರಕ್ತದ ಅಂಗಿಯನ್ನು ಕಳುಹಿಸಿ ಅಣ್ಣಂದಿರು ತಂದೆಗೆ ಹೇಳಿದ ಮಾತೇ ಅದು.

ಅವನು ಸಾಕ್ಷಿಯನ್ನು ಬಚ್ಚಿಡಬಹುದಿತ್ತು, ಹೆಂಗಸಿನ ಮೇಲೆ ಗೂಬೆ ಕೂರಿಸಬಹುದಿತ್ತು. ನನಗಿಂತ ಅವಳೇ ನೀತಿವಂತಳು ಎಂದ. ಈ ಮನೆಯಲ್ಲಿ ಒಬ್ಬ ಮನುಷ್ಯ ಸುತ್ತುಬಳಸದೆ ತಪ್ಪು ನನ್ನದು ಎಂದದ್ದು ಇದೇ ಮೊದಲು. ಮೂರು ತಲೆಮಾರಿನ ಮರೆಮಾಚುವಿಕೆಯಲ್ಲಿ ಮೊದಲ ಬಿರುಕು ಬಿಟ್ಟದ್ದು ಹೀಗೆ, ತೀರಾ ನಾಚಿಕೆಗೇಡಿನ ಸಂದರ್ಭದಲ್ಲಿ, ಮನೆಯ ಹೊರಗಿನಿಂದ ಬಂದ ಹೆಣ್ಣಿನ ಮೂಲಕ. ತಾಮಾರಳ ಹೆಸರು ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಯೇಸುವಿನ ವಂಶಾವಳಿಯಲ್ಲಿ ಮೊದಲು ಬರುವ ಹೆಣ್ಣಿನ ಹೆಸರು. ಮುಚ್ಚಿಡಬೇಕಾದದ್ದೆಂದು ನಾವು ಎಣಿಸುವ ಅಧ್ಯಾಯವನ್ನು ಸುವಾರ್ತೆ ಮುಖಪುಟದಲ್ಲಿ ಇಟ್ಟಿದೆ.

ಪರೀಕ್ಷೆ

ಯೋಸೇಫ 30ನೆಯ ವಯಸ್ಸಿಗೆ ಐಗುಪ್ತದ ಅರಸ ಫರೋಹನ ಮುಂದೆ ನಿಂತ, ಅವನ ಕನಸಿನ ಅರ್ಥ ಹೇಳಿ ದೇಶದ ಅಧಿಕಾರಿಯಾದ. ಏಳು ಸಮೃದ್ಧಿಯ ವರ್ಷಗಳಲ್ಲಿ ಬೆಳೆಯ ಐದನೆಯ ಒಂದು ಪಾಲನ್ನು ಕೂಡಿಹಾಕಿಸಿದ. ಬರ ಬಂದಾಗ ಹತ್ತು ಅಣ್ಣಂದಿರು ಧಾನ್ಯಕ್ಕೆ ಬಂದು ಅಡ್ಡಬಿದ್ದರು. ಅವನಿಗೆ ಗುರುತು ಸಿಕ್ಕಿತು, ಅವರಿಗೆ ಸಿಗಲಿಲ್ಲ.

ಆ ಕೂಡಲೇ ಅವನು ತನ್ನ ಗುರುತು ಹೇಳಲಿಲ್ಲ. ಗೂಢಚಾರರೆಂದು ಆರೋಪಿಸಿದ, ಮೂರು ದಿನ ಕಾವಲಲ್ಲಿಟ್ಟ, ಸಿಮೆಯೋನನನ್ನು ಕಟ್ಟಿಸಿ ಇಟ್ಟುಕೊಂಡ. ದುಭಾಷಿಯ ಮೂಲಕ ಮಾತಾಡುತ್ತಿದ್ದರಿಂದ ತಮ್ಮ ಮಾತು ಇವನಿಗೆ ತಿಳಿಯದೆಂದು ಅವರು ತಮ್ಮೊಳಗೇ ಆಡಿಕೊಂಡರು: ತಮ್ಮ ಬೇಡಿಕೊಂಡಾಗ ಅವನ ಸಂಕಟ ಕಂಡೂ ನಾವು ಕೇಳಲಿಲ್ಲ, ಅದಕ್ಕೇ ಈ ಕಷ್ಟ. ಗುಂಡಿಯಲ್ಲಿ ಯೋಸೇಫ ಅಂಗಲಾಚಿದ್ದ ಎಂಬ ಸಂಗತಿ 37ನೆಯ ಅಧ್ಯಾಯದಲ್ಲಿ ಇಲ್ಲವೇ ಇಲ್ಲ; ಅದು ಮೊದಲ ಬಾರಿಗೆ ಹೊರಬರುವುದು ಇಲ್ಲಿ, ತಪ್ಪು ಮಾಡಿದವರ ಬಾಯಿಂದ. ಇಪ್ಪತ್ತು ವರ್ಷ ಆ ಕೂಗು ಅವರ ಕಿವಿಯಲ್ಲಿತ್ತು. ಯೋಸೇಫ ಪಕ್ಕಕ್ಕೆ ಸರಿದು ಅತ್ತ.

ಯೋಸೇಫನ ಈ ನಡೆ ಎಲ್ಲ ರೀತಿಯಲ್ಲೂ ಸರಿ ಎಂದು ನಾವು ಹೇಳುವುದಿಲ್ಲ. ಇದರಿಂದ ಮುದುಕ ತಂದೆಗೆ ಮತ್ತಷ್ಟು ನೋವಾಯಿತು. ಆದರೆ ಒಂದು ವಿಷಯ ಸ್ಪಷ್ಟ: ನಂಬಿಕೆಯನ್ನು ಮರಳಿ ಕಟ್ಟುವ ಮುನ್ನ ಇವರು ಬದಲಾಗಿದ್ದಾರೆಯೇ ಎಂದು ತಿಳಿದುಕೊಳ್ಳುವುದು ಕ್ಷಮೆಗೆ ವಿರೋಧವಲ್ಲ. ಹೊಟ್ಟೆಗೆ ಧಾನ್ಯವನ್ನು ಅವನು ಮೊದಲ ಸಲವೇ ಕೊಟ್ಟ, ಹಣವನ್ನೂ ಚೀಲದಲ್ಲಿ ಹಿಂದಕ್ಕೆ ಇಡಿಸಿದ. ಮನಸ್ಸನ್ನು ಕೊಡಲು ಸಮಯ ತೆಗೆದುಕೊಂಡ.

ಎರಡನೆಯ ಪ್ರಯಾಣಕ್ಕೆ ಬೆನ್ಯಾಮೀನನನ್ನು ಕರೆದೊಯ್ಯಬೇಕಿತ್ತು. ತಂದೆ ಒಪ್ಪಲಿಲ್ಲ. ರೂಬೇನನ ಪ್ರಸ್ತಾಪ ಭಯಂಕರ: ನಾನು ಅವನನ್ನು ಕರೆತರದಿದ್ದರೆ ನನ್ನ ಇಬ್ಬರು ಮಕ್ಕಳನ್ನು ಕೊಂದುಹಾಕು. ಬೇರೆಯವರ ಜೀವವನ್ನು ಪಣಕ್ಕಿಡುವ ಧೈರ್ಯ ಇದು. ಮೊಮ್ಮಕ್ಕಳನ್ನು ಕೊಂದು ಯಾವ ಅಜ್ಜನಿಗೆ ಸಮಾಧಾನವಾದೀತು? ಯೆಹೂದ ಹೇಳಿದ್ದು ಬೇರೆ: ನಾನೇ ಹೊಣೆ, ನನ್ನ ಕೈಯಿಂದಲೇ ಅವನನ್ನು ಕೇಳು. ಇಬ್ಬರು ಮಕ್ಕಳನ್ನು ಕಳೆದುಕೊಂಡು ಮೂರನೆಯವನನ್ನು ಬಚ್ಚಿಟ್ಟಿದ್ದವನಿಗೆ ಈ ಮುದುಕನ ಹೆದರಿಕೆ ಅರ್ಥವಾಗಿತ್ತು ಎಂದು ನಮ್ಮ ಓದು. ತಂದೆ ಒಪ್ಪಿದ.

ಐಗುಪ್ತದಲ್ಲಿ ಊಟಕ್ಕೆ ಕೂತಾಗ ಬೆನ್ಯಾಮೀನನಿಗೆ ಐದು ಪಟ್ಟು ಹೆಚ್ಚು ಬಡಿಸಲಾಯಿತು. ಹಿಂದೆ ಒಂದು ಅಂಗಿಗೆ ಕುದಿದವರು ಈಗ ಹೇಗಿದ್ದಾರೆ ಎಂದು ನೋಡುವುದಕ್ಕೆ ಇದು ಸರಿಯಾದ ಅಳತೆ. ಆಮೇಲೆ ಬೆಳ್ಳಿಯ ಬಟ್ಟಲು ಬೆನ್ಯಾಮೀನನ ಚೀಲದಲ್ಲಿ ಸಿಕ್ಕಿತು. ಅವನೊಬ್ಬ ದಾಸನಾಗಿ ಉಳಿಯಲಿ, ನೀವೆಲ್ಲಾ ಸುಖವಾಗಿ ಮನೆಗೆ ಹೋಗಿ ಎಂದ ಯೋಸೇಫ. ದೋತಾನಿನ ಸನ್ನಿವೇಶ ಅಚ್ಚು ಹಾಕಿದಂತೆ ಮರಳಿ ಬಂದಿತ್ತು: ರಾಹೇಲಳ ಮಗ ಐಗುಪ್ತದಲ್ಲಿ ದಾಸ, ಉಳಿದವರು ತಂದೆಗೆ ಸುದ್ದಿ ಹೊತ್ತು ಮನೆಗೆ. ಈ ಸಲ ಸುಳ್ಳನ್ನೂ ಹೇಳಬೇಕಿರಲಿಲ್ಲ.

ಯೆಹೂದ ಮುಂದೆ ಬಂದು ಮಾತಾಡಿದ. 44ನೆಯ ಅಧ್ಯಾಯದ ಆ ಮಾತುಗಳಲ್ಲಿ ತಂದೆಯ ಪ್ರಸ್ತಾಪ ಹತ್ತಕ್ಕೂ ಹೆಚ್ಚು ಬಾರಿ ಬರುತ್ತದೆ. ಅದರಲ್ಲಿ ಒಂದು ವಾಕ್ಯದ ಬಳಿ ನಿಲ್ಲಬೇಕು. ತಂದೆ ಹೇಳಿದ್ದನ್ನು ಅವನು ಹಾಗೆಯೇ ಒಪ್ಪಿಸುತ್ತಾನೆ: ನನ್ನ ಹೆಂಡತಿ ನನಗೆ ಇಬ್ಬರನ್ನು ಹೆತ್ತಳೆಂದು ನೀವು ಬಲ್ಲಿರಿ. ಹೆಂಡತಿ ಎಂದರೆ ರಾಹೇಲಳು ಮಾತ್ರ, ಮಕ್ಕಳೆಂದರೆ ಇಬ್ಬರೇ. ಇದನ್ನು ಹೇಳುತ್ತಿರುವವನು ಲೇಯಾಳ ಮಗ. ತನ್ನ ತಾಯಿಯನ್ನು ಲೆಕ್ಕದಿಂದ ಬಿಟ್ಟ ಮಾತು, ತನ್ನನ್ನೇ ಬಿಟ್ಟ ಮಾತು. ಇದೇ ಮಾತು ಹಿಂದೆ ಅವರನ್ನು ಕೊಲೆಯ ಅಂಚಿಗೆ ತಂದಿತ್ತು. ಈಗ ಅದನ್ನೇ ಅವನು ತಂದೆಯ ಪರವಾಗಿ, ಕಹಿಯಿಲ್ಲದೆ, ಕರುಣೆ ಹುಟ್ಟಿಸುವುದಕ್ಕಾಗಿ ಹೇಳುತ್ತಿದ್ದಾನೆ. ಕೊನೆಗೆ, ಹುಡುಗನ ಬದಲು ನಾನು ದಾಸನಾಗಿ ಉಳಿಯುತ್ತೇನೆ, ಅವನು ಮನೆಗೆ ಹೋಗಲಿ ಎಂದ.

ತಂದೆ ಬದಲಾಗಿರಲಿಲ್ಲ. ಮಗ ಬದಲಾಗಿದ್ದ. ಅನ್ಯಾಯದ ಪ್ರೀತಿಯನ್ನು ಮೊದಲು ಸರಿಪಡಿಸು, ಆಮೇಲೆ ನಾನು ನಿನ್ನನ್ನು ಪ್ರೀತಿಸುತ್ತೇನೆ ಎಂಬ ಷರತ್ತನ್ನು ಅವನು ಬಿಟ್ಟುಕೊಟ್ಟಿದ್ದ. ಇಡೀ ಪ್ರಕರಣದಲ್ಲಿ ಕೃಪೆಯ ಅತಿ ದೊಡ್ಡ ಗುರುತು ಇದೇ ಎಂದು ನಮ್ಮ ತೀರ್ಮಾನ. ಯೋಸೇಫ ತನ್ನನ್ನು ಹಿಡಿದಿಟ್ಟುಕೊಳ್ಳಲಾರದೆ ಹೋದದ್ದೂ ಈ ಮಾತು ಮುಗಿದ ಕ್ಷಣದಲ್ಲೇ.

ಸಮಾಧಾನ ಹೇಗೆ ನಡೆಯಿತು

ಇದರ ಕ್ರಮವನ್ನು ಗಮನಿಸಿ. ಮೊದಲು ಹೊರಗಿನವರನ್ನೆಲ್ಲಾ ಆಚೆ ಕಳುಹಿಸಿದ. ಅಣ್ಣಂದಿರ ಮಾನ ಐಗುಪ್ತ್ಯರ ಮುಂದೆ ಹೋಗಲಿಲ್ಲ. ಆಮೇಲೆ ಹತ್ತಿರ ಬನ್ನಿ ಎಂದ. ನೀವು ಐಗುಪ್ತಕ್ಕೆ ಮಾರಿದ ಯೋಸೇಫ ನಾನೇ ಎಂದು ತಪ್ಪಿಗೆ ಅದರ ಹೆಸರನ್ನೇ ಇಟ್ಟ. ಏನೋ ಆಗಿಹೋಯಿತು ಬಿಡಿ ಎನ್ನಲಿಲ್ಲ. ಅದರ ಬೆನ್ನಿಗೇ, ನಿಮ್ಮ ಮೇಲೆ ನೀವು ಸಿಟ್ಟುಮಾಡಿಕೊಳ್ಳಬೇಡಿ, ಪ್ರಾಣ ಉಳಿಸಲು ದೇವರು ನನ್ನನ್ನು ಮುಂದಾಗಿ ಕಳುಹಿಸಿದ ಎಂದ. ನಂತರ ಲೆಕ್ಕ: ಬರ ಬಂದು ಎರಡು ವರ್ಷವಾಯಿತು, ಇನ್ನೂ ಐದು ವರ್ಷ ಇದೆ, ಎಲ್ಲರೂ ಬನ್ನಿ, ನಾನು ಸಾಕುತ್ತೇನೆ. ಎಲ್ಲರನ್ನೂ ಮುದ್ದಿಟ್ಟು ಅತ್ತ. ಆಮೇಲೆ ಅಣ್ಣಂದಿರು ಅವನೊಡನೆ ಮಾತಾಡಿದರು ಎಂದು ದಾಖಲೆ ಮುಗಿಸುತ್ತದೆ. ಒಂದು ಮಾತನ್ನೂ ಸಮಾಧಾನದಿಂದ ಆಡಲಾಗದ ಮನೆಯಲ್ಲಿ ಮಾತು ಹುಟ್ಟಿದ ಸಂಗತಿ ಅದು. ಊರಿಗೆ ಕಳುಹಿಸುವಾಗ, ದಾರಿಯಲ್ಲಿ ಜಗಳವಾಡಬೇಡಿ ಎಂದೂ ಹೇಳಿದ. ತಂದೆಗೆ ನಿಜ ಹೇಳುವ ಹೊತ್ತು ಹತ್ತಿರ ಬರುತ್ತಿದ್ದಂತೆ ತಪ್ಪು ಯಾರದೆಂಬ ಕಚ್ಚಾಟ ಏಳುತ್ತದೆಂದು ಅವನಿಗೆ ತಿಳಿದಿತ್ತು.

ಈ ಪ್ರಕರಣವನ್ನು ಇಂದಿನ ಮನೆಗೆ ತರುವಾಗ

ಕುಟುಂಬದೊಡನೆ ಕೂತು ಇದನ್ನು ಓದಿಸುವವರು ಮೊದಲು ಎಲ್ಲರನ್ನೂ ಒಟ್ಟಿಗೆ ಸೇರಿಸಬಾರದು. ಒಬ್ಬೊಬ್ಬರನ್ನೇ ಕೂರಿಸಿ, ಒಂದು ದೊಡ್ಡ ಹಾಳೆಯ ಮೇಲೆ ಮೂರು ತಲೆಮಾರಿನ ವಂಶವೃಕ್ಷ ಬರೆಸಿ. ಪ್ರತಿಯೊಬ್ಬರ ಹೆಸರಿನ ಪಕ್ಕ ಮೂರೇ ವಿಷಯ: ಯಾರು ಯಾರ ಮುದ್ದಿನವರು, ಯಾರು ಯಾವ ಜಗಳದ ಮೇಲೆ ಮನೆಬಿಟ್ಟು ಹೋದರು, ಯಾವ ವಿಷಯದಲ್ಲಿ ಯಾರು ಸುಮ್ಮನಿದ್ದರು. ಇಸಾಕನ ಮನೆಯದು ಯಾಕೋಬನ ಮನೆಯಲ್ಲಿ ಮರುಕಳಿಸಿದಂತೆ, ತಮ್ಮ ಮನೆಯದು ಎಲ್ಲಿ ಮರುಕಳಿಸಿದೆ ಎಂದು ಹೆಚ್ಚಿನವರಿಗೆ ತಾವಾಗಿಯೇ ಕಾಣುತ್ತದೆ. ತಂದೆತಾಯಿಯ ಮೇಲೆ ಹೊಸ ದೂರು ಹುಟ್ಟಿಸಲು ಈ ಹಾಳೆಯಲ್ಲ. ಅವರೂ ಯಾರದೋ ಮಕ್ಕಳು ಎಂದು ತೋರಿಸಲು.

ಇಲ್ಲಿ ಕೆಲಸ ಕೆಡುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ. ಓದುವವರೆಲ್ಲರೂ ತಾವೇ ಯೋಸೇಫ ಎಂದುಕೊಳ್ಳುತ್ತಾರೆ. ಒಂದೇ ಮನೆಯ ಐವರನ್ನು ಕೇಳಿದರೆ ಐವರೂ ಗುಂಡಿಯಲ್ಲಿ ಬಿದ್ದವರೇ. ಆದ್ದರಿಂದ ಎರಡನೆಯ ಓದನ್ನು ಯೆಹೂದನ ಕಣ್ಣಿಂದ, ಮೂರನೆಯದನ್ನು ಯಾಕೋಬನ ಕಣ್ಣಿಂದ ಮಾಡಿಸಬೇಕು. ನಾನು ಯಾರ ಕೂಗನ್ನು ಕೇಳಿಯೂ ಊಟಕ್ಕೆ ಕೂತೆ? ಯಾವ ಮಗುವನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿದೆ? ಈ ಪ್ರಶ್ನೆಗಳಿಗೆ ಉತ್ತರ ಬರೆಯಲು ಸಮಯ ಬೇಕು. ಅವಸರ ಮಾಡಿದರೆ ಬಾಯಿಪಾಠದ ಪಶ್ಚಾತ್ತಾಪ ಬರುತ್ತದೆ.

ಕ್ಷಮೆ ಕೇಳುವವರಿಗೆ ಯೆಹೂದನ ಮಾತೇ ಮಾದರಿ. ಅದರಲ್ಲಿ ಆದರೆ ಎಂಬುದಿಲ್ಲ, ನನ್ನ ಪರಿಸ್ಥಿತಿ ಹೀಗಿತ್ತು ಎಂಬ ಸಮಜಾಯಿಷಿ ಇಲ್ಲ. ನೊಂದವರ ನೋವನ್ನು ವಿವರವಾಗಿ ಹೇಳಿದ, ತಾನು ಹೊರುವ ಭಾರ ಯಾವುದೆಂದು ಹೇಳಿದ. ಇಷ್ಟೆಲ್ಲಾ ಹೇಳಿದ್ದೇನೆ, ಇನ್ನಾದರೂ ಕ್ಷಮಿಸು ಎಂಬ ಒತ್ತಡವೂ ಇರಲಿಲ್ಲ.

ಎಚ್ಚರ ಬೇಕಾದ ಮಾತು ಇನ್ನೊಂದಿದೆ. ನೀವು ಕೇಡನ್ನು ಎಣಿಸಿದಿರಿ, ದೇವರು ಅದನ್ನು ಒಳ್ಳೆಯದಕ್ಕೆ ತಿರುಗಿಸಿದ ಎಂಬ ಅರ್ಥದ ಮಾತು 50ನೆಯ ಅಧ್ಯಾಯದಲ್ಲಿ ಬರುತ್ತದೆ. ಅದನ್ನು ಹೇಳಿದ್ದು ನೊಂದವನು, ಅದೂ ಸುಮಾರು 39 ವರ್ಷಗಳ ನಂತರ. ಮಾರಿದ ಅಣ್ಣಂದಿರು ಅದನ್ನು ಎಂದೂ ಹೇಳಲಿಲ್ಲ. ಗುಂಡಿಯಲ್ಲಿದ್ದ ಹುಡುಗನಿಗೆ ಯಾರೂ ಹೇಳಲಿಲ್ಲ. ನೋವು ಹಸಿಯಾಗಿರುವಾಗ ಹೊರಗಿನವರು ಈ ವಚನ ಹೇಳಿದರೆ, ಅದಕ್ಕಿಂತ ಹೆಚ್ಚಾಗಿ ಹಿಂಸೆ ಕೊಟ್ಟವರೇ ಹೇಳಿದರೆ, ಅದು ಗಾಯಕ್ಕೆ ಉಪ್ಪು. ಹೊಡೆತ, ಲೈಂಗಿಕ ಹಿಂಸೆ, ಜೀವಬೆದರಿಕೆ ಇರುವ ಮನೆಯಲ್ಲಂತೂ ಮೊದಲ ಕೆಲಸ ಸುರಕ್ಷತೆ ಮತ್ತು ಕಾನೂನಿನ ನೆರವು. ಯಾಕೋಬನೂ ಏಸಾವನೂ ಮತ್ತೆ ಅಪ್ಪಿಕೊಳ್ಳುವ ಮುನ್ನ 20 ವರ್ಷ ದೂರ ಇದ್ದರು, ಅಪ್ಪಿಕೊಂಡ ಮೇಲೂ ಬೇರೆಬೇರೆ ದಾರಿ ಹಿಡಿದರು. ಕ್ಷಮಿಸುವುದೆಂದರೆ ಒಂದೇ ಸೂರಿನಡಿ ಮರಳಿ ಬಾಳುವುದು ಎಂದೇನೂ ಅಲ್ಲ.

ಉಳಿದುಹೋದದ್ದು

ಯಾಕೋಬ 130ನೆಯ ವಯಸ್ಸಿನಲ್ಲಿ ಐಗುಪ್ತಕ್ಕೆ ಬಂದ. ನನ್ನ ಆಯುಷ್ಯದ ದಿನಗಳು ಸ್ವಲ್ಪವೂ ಕಷ್ಟಕರವೂ ಆಗಿವೆ ಎಂದು ಫರೋಹನ ಮುಂದೆ ಹೇಳಿದ. ಇನ್ನೂ 17 ವರ್ಷ ಬದುಕಿದ. ಮಾರಲ್ಪಡುವ ಮುನ್ನ ಯೋಸೇಫ ಅವನ ಜೊತೆ ಕಳೆದದ್ದೂ 17 ವರ್ಷವೇ. ಮೊಮ್ಮಕ್ಕಳನ್ನು ಆಶೀರ್ವದಿಸುವಾಗ ಕೈಗಳನ್ನು ಅಡ್ಡಹಾಯಿಸಿ ಹಿರಿಯ ಮನಸ್ಸೆಗಿಂತ ಕಿರಿಯ ಎಫ್ರಾಯೀಮನನ್ನು ಮುಂದೆ ಮಾಡಿದ. ಸಾಯುವ ಮುನ್ನ ತನ್ನನ್ನು ಮಕ್ಪೇಲದ ಗವಿಯಲ್ಲಿ, ತಾನು ಲೇಯಾಳನ್ನು ಹೂಣಿಟ್ಟ ಜಾಗದಲ್ಲಿ ಹೂಣಿಡಬೇಕೆಂದ. ರಾಹೇಲಳು ದಾರಿಯಲ್ಲೇ ಉಳಿದಳು. ಇದರಲ್ಲಿ ಎಷ್ಟು ವಂಶದ ಕಟ್ಟಳೆ, ಎಷ್ಟು ತಡವಾಗಿ ಬಂದ ಗೌರವ ಎಂದು ದಾಖಲೆ ಬಿಡಿಸಿ ಹೇಳುವುದಿಲ್ಲ.

ತಂದೆ ಸತ್ತ ಕೂಡಲೇ ಅಣ್ಣಂದಿರಿಗೆ ಮತ್ತೆ ದಿಗಿಲು: ಇನ್ನು ಇವನು ಸೇಡು ತೀರಿಸಿಕೊಂಡರೆ? 17 ವರ್ಷ ಅವನ ಅನ್ನ ಉಂಡವರು ಇವರು. ನಮ್ಮನ್ನು ಕ್ಷಮಿಸಬೇಕೆಂದು ಅಪ್ಪ ಸಾಯುವ ಮುಂಚೆ ಹೇಳಿದ್ದ ಎಂದು ಯೋಸೇಫನಿಗೆ ಹೇಳಿಕಳುಹಿಸಿದರು. ಯಾಕೋಬ ಹಾಗೆ ಹೇಳಿದ್ದು ದಾಖಲೆಯಲ್ಲಿ ಬೇರೆಲ್ಲೂ ಇಲ್ಲ. ಕ್ಷಮೆ ಪಡೆದವರಿಗೆ ಅದನ್ನು ನಂಬಲು, ಕ್ಷಮಿಸಿದವನಿಗೆ ಹಿಡಿದದ್ದಕ್ಕಿಂತ ಹೆಚ್ಚು ಕಾಲ ಹಿಡಿಯಬಹುದು. ಇದನ್ನು ಕೇಳಿ ಯೋಸೇಫ ಅತ್ತ, ಆದರೆ ಬೇಸರಪಟ್ಟು ಮುಖ ತಿರುಗಿಸಲಿಲ್ಲ.

ಮನೆಯಲ್ಲಿ ನಿಜವಾಗಿ ಕ್ಷಮಿಸಿದ್ದೀಯಾ ಎಂಬ ಪ್ರಶ್ನೆ ವರ್ಷಗಳ ನಂತರ ಮರಳಿ ಬಂದಾಗ ಏನು ಹೇಳಬೇಕೆಂದು ಕೇಳುವವರಿಗೆ ಅವನ ಉತ್ತರವನ್ನೇ ತೋರಿಸಬಹುದು. ನಾನೇನು ದೇವರ ಸ್ಥಾನದಲ್ಲಿದ್ದೇನೆಯೇ ಎಂದು ಕೇಳಿ ತೀರ್ಪಿನ ಕುರ್ಚಿಯಿಂದ ತಾನು ಇಳಿದ. ಕೇಡು ಕೇಡೇ ಎಂದು ಒಪ್ಪಿಕೊಂಡು ದೇವರು ಅದರಿಂದ ತೆಗೆದ ಒಳಿತನ್ನು ಎತ್ತಿ ಹೇಳಿದ. ಆಮೇಲೆ, ಹೆದರಬೇಡಿ, ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ನಾನು ಸಾಕುತ್ತೇನೆ ಎಂದ. ಐಗುಪ್ತಕ್ಕೆ ಕರೆದ ದಿನವೇ ಕೊಟ್ಟಿದ್ದ ಮಾತು ಇದು, ಆ ಹೊತ್ತಿಗೆ ಬರ ಮುಗಿದು ಸುಮಾರು 12 ವರ್ಷವಾಗಿತ್ತು.